ಆಯಿಯ ಬೆಳ್ಳಿ ರೂಪಾಯಿಗಳನ್ನು ಮಾರಿದ್ದು

ಬೆಳ್ಳಿ ಅಂಗಡಿಯವರಿಗೆ ಹಳೇ ರೂಪಾಯಿ ಅಂದರೆ ತೂಕ, ಅಷ್ಟೇ. ವಿಕ್ಟೋರಿಯಾ ರಾಣಿಯಾದರೂ ಒಂದೇ, ಅವಳ ಮರಿಮೊಮ್ಮಗ ಆರನೇ ಜಾರ್ಜ್ ಆದರೂ ಒಂದೇ. ಹಾಗಾಗಿ ಅಂಗಡಿ ಮೆಟ್ಟಿಲು ಹತ್ತುವ ಮೊದಲು ಮನೆಯಲ್ಲೇ ಕೂತು ವಿಂಗಡಿಸಿಕೊಳ್ಳಬೇಕು.

ಆಯಿ ಹೋದ ಮೇಲೆ ಸದಾಶಿವಗಡದ ಮನೆಯ ಕಪಾಟಿನಲ್ಲಿ 31 ರೂಪಾಯಿ ಸಿಕ್ಕವು. ದೀಪಾವಳಿಯ ಲಕ್ಷ್ಮೀಪೂಜೆಗೆ ಮಾತ್ರ ಹೊರಗೆ ಬರುತ್ತಿದ್ದವು. ಪ್ರತಿ ವರ್ಷ ಹುಣಸೆಹುಳಿ, ಬೂದಿ ಹಾಕಿ ತಿಕ್ಕೀ ತಿಕ್ಕೀ ರಾಣಿಯ ಮೂಗು ಸವೆದುಹೋಗಿದೆ. ನಾಣ್ಯ ಸಂಗ್ರಹಿಸುವವರು ಹೀಗೆ ಉಜ್ಜಿದ್ದನ್ನು ಮುಟ್ಟುವುದೂ ಕಷ್ಟ. ಅವರಿಗೆ ಕಪ್ಪು ಹಿಡಿದದ್ದೇ ಚಂದ. ಆಯಿಗೆ ದೇವರ ಮುಂದೆ ಹೊಳೆಯಬೇಕಿತ್ತು, ಹೊಳೆದವು. ಅದರಲ್ಲಿ ತಪ್ಪೇನಿದೆ?

ಇಸವಿ ನೋಡಿದರೆ ಅರ್ಧ ಕೆಲಸ ಮುಗಿಯಿತು. 1939ರವರೆಗಿನ ಬ್ರಿಟಿಷ್ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ತೂಕ ಸರಿಯಾಗಿ ಒಂದು ತೊಲ, 11.66 ಗ್ರಾಂ. ಯುದ್ಧದ ಕಾಲದಲ್ಲಿ, 1940ರಿಂದ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಅವುಗಳ ಅಂಚನ್ನು ನೋಡಿ, ಗೀರುಗಳ ನಡುವೆ ಸಣ್ಣ ತೋಡೊಂದು ಸುತ್ತಲೂ ಓಡಿರುತ್ತದೆ. ನಮ್ಮಲ್ಲಿ ಹಳೆಯವು 19, ಅರ್ಧ ಬೆಳ್ಳಿಯವು 10. ಇನ್ನೊಂದು 1947ರದ್ದು, ಹಿಂದೆ ಹುಲಿ ಇರುವುದು. ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ಹಿಡಿದರೆ ಟಪ್ಪಂತ ಅಂಟಿಕೊಂಡಿತು. ಅದು ನಿಕ್ಕಲ್! ಇಷ್ಟು ವರ್ಷ ಬೆಳ್ಳಿಯ ಜೊತೆಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಸುಮ್ನೆ ಕೂತಿತ್ತು.

ಐದನೇ ಜಾರ್ಜನ ನಾಣ್ಯಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಅವನ ನಿಲುವಂಗಿಯ ಮೇಲೆ ಪುಟ್ಟ ಆನೆ ಇದೆ. 1911ರ ಅಚ್ಚಿನಲ್ಲಿ ಸೊಂಡಿಲು ಮೋಟಾಗಿ ಆನೆ ಹಂದಿಯ ಹಾಗೆ ಕಂಡಿತಂತೆ. ಜನ ಸಿಟ್ಟಾದರು, ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡು ಮರುವರ್ಷ ತಿದ್ದಿತು. ಆ ‘ಹಂದಿ ರೂಪಾಯಿ’ಗೆ ಈಗ ಬೇಡಿಕೆ. ನಮ್ಮವೆಲ್ಲ ಅದರ ನಂತರದವು, ಸೊಂಡಿಲು ಸರಿಯಾಗೇ ಇದೆ.

ಕಾಳಿ ಸೇತುವೆ ದಾಟಿ ಕಾರವಾರದ ಅಂಗಡಿಯೊಂದಕ್ಕೆ ಹೋದೆ. ಶೇಟ್ರು ಎಲ್ಲವನ್ನೂ ಒಂದೇ ತಟ್ಟೆಗೆ ಸುರಿಯಲು ನೋಡಿದರು.

“ಅಕ್ಕೋರೆ, ಹಳೇ ನಾಣ್ಯ ಎಲ್ಲಾ ಕಲಬೆರಕೆ. ಅರ್ಧ ಬೆಳ್ಳಿ ಅಂತ್ಲೇ ಹಿಡೀಬೇಕಾಗ್ತದೆ.”

“ಅರ್ಧದ್ದು ಈ ಪೊಟ್ಟಣದಲ್ಲಿದೆ ಶೇಟ್ರೆ. ಇದನ್ನ ಒರೆಗಲ್ಲಿಗೆ ಹಚ್ಚಿ ನೋಡಿ.”

ಹಚ್ಚಿ ನೋಡಿದರು, ಎರಡು ಸಲ. ಆಮೇಲೆ ಎರಡು ಲೆಕ್ಕ ಬರೆದರು. ಕರಗಿಸುವ ಲುಕ್ಸಾನು ಅಂತ ಸ್ವಲ್ಪ ಹಿಡಿದುಕೊಂಡರು. ನಾನೂ ಜಾಸ್ತಿ ಚೌಕಾಸಿ ಮಾಡಲಿಲ್ಲ. ಮೂಗಿಲ್ಲದ ರಾಣಿಗೆ ಬೆಳ್ಳಿಯ ದರ ಸಿಕ್ಕರೆ ಸಾಕು.

ದುಬೈಯಲ್ಲಿರುವ ತಮ್ಮ ತನ್ನ ಪಾಲನ್ನು ನಾಣ್ಯವಾಗಿಯೇ ಕೇಳಿದ್ದ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಬ್ಯಾಗಿನಲ್ಲಿ ಹಾಕಿಕೊಂಡು ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಅವನ ಖಾತೆಗೆ ದುಡ್ಡು ಹಾಕಿದೆ. ತಂಗಿಗಂತೂ ಮೊದಲಿಂದಲೂ ದುಡ್ಡೇ ಬೇಕಿತ್ತು.

ಅವಳೇ ಒಂದು ವಿಡಿಯೋ ಕಳಿಸಿದ್ದಳು, ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತಾರೆ ಅಂತ. ಮೊದಲು ನೋಂದಣಿ ಶುಲ್ಕ ಕಟ್ಟಬೇಕಂತೆ! ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹೀಗೆ ಶುಲ್ಕ ಕೇಳುವವರನ್ನು ನಂಬಬೇಡಿ ಅಂತ ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ರಾಮ, ಸೀತೆ, ಹನುಮಂತ ಇರುವ ‘ಈಸ್ಟ್ ಇಂಡಿಯಾ ಕಂಪನಿ ನಾಣ್ಯ’ ಮನೆಯಲ್ಲಿದ್ದರೆ ಪೂಜೆಗೆ ಇಟ್ಟುಕೊಳ್ಳಿ. ಕಂಪನಿ ಅಂಥದ್ದನ್ನು ಅಚ್ಚು ಹಾಕಿಯೇ ಇಲ್ಲ.

ಮೂವತ್ತೊಂದರಲ್ಲಿ ಉಳಿದ ಇನ್ನೊಂದು, ಗೋವೆಯ ಪೋರ್ಚುಗೀಸ್ ರುಪಿಯಾ. 1882ರದ್ದು, ಲೂಯಿಸ್ ದೊರೆಯ ತಲೆ ಇದೆ. ಬ್ರಿಟಿಷ್ ರೂಪಾಯಿಯಷ್ಟೇ ತೂಕ, ಅಷ್ಟೇ ಬೆಳ್ಳಿ. ಮಾಜಾಳಿ ದಾಟಿದರೆ ಗೋವೆ, ಅಜ್ಜನ ಅಂಗಡಿಗೆ ಅಲ್ಲಿನ ಗಿರಾಕಿಗಳೂ ಬರುತ್ತಿದ್ದರು, ಹಾಗೇ ಬಂದಿರಬೇಕು. ಬಟ್ಟೆಯಲ್ಲಿ ಸುತ್ತಿ ಬೇರೆ ಇಟ್ಟಿದ್ದರಿಂದ ಇದೊಂದು ಆಯಿಯ ಹುಣಸೆಹುಳಿಯಿಂದ ತಪ್ಪಿಸಿಕೊಂಡಿದೆ. ಶೇಟ್ರು ಇದಕ್ಕೂ ತೂಕದ ದರವನ್ನೇ ಹೇಳಿದ್ದರಿಂದ ವಾಪಸ್ ತಂದೆ. ಮಡಗಾಂವಿನ ಸಂಗ್ರಾಹಕರೊಬ್ಬರು ಎರಡೂ ಬದಿಯ ಫೋಟೋ ಕೇಳಿದ್ದಾರೆ, ಕಳಿಸಿದ್ದೇನೆ. ದರ ಹೊಂದಿದರೆ ಅದನ್ನೂ ಕೊಡುವುದೇ.