ಹಳೇ ಮೋಟರ್‌ಹೋಮ್‌ನಲ್ಲಿ 395ನೇ ಹೆದ್ದಾರಿ: ಮ್ಯಾನಿಫೋಲ್ಡ್ ಲೀಕ್ ಆದವರಿಗೆ

ಲಾಸ್ ಏಂಜಲೀಸ್‌ನಿಂದ ಬಿಷಪ್ ಊರಿನ ಕಡೆಗೆ ಹಳೇ ಮೋಟರ್‌ಹೋಮ್ ತಗೊಂಡು ಹೊರಡುವವರಿಗೆ ಮೊದಲೇ ಒಂದು ಮಾತು. ದಾರಿಯಲ್ಲಿ ಯಾರಾದರೂ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ (ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಸಾಗಿಸುವ ಭಾಗ) ಲೀಕ್ ಮುಚ್ಚುವ ಪೇಸ್ಟ್ ಮೆತ್ತಿ "ಇನ್ನು ಯೋಚನೆ ಇಲ್ಲ" ಅಂದರೆ ದುಡ್ಡು ಕೊಡಬೇಡಿ. ಮೊಹಾವಿ ಮರುಭೂಮಿಯ ಒಂದು ಗ್ಯಾರೇಜಿನವರು ನಮ್ಮ ಹತ್ತಿರ ಅದಕ್ಕೆ 340 ಡಾಲರ್ ಕಿತ್ತರು. ಬಿಷಪ್ ದಾಟಿದ ಮೇಲೆ ಶೆರ್ವಿನ್ ಏರು ಸಿಗುತ್ತದೆ. ಸುಮಾರು 4,150 ಅಡಿಯಿಂದ 7,000 ಅಡಿಗೆ ಒಂದೇ ಸಮ ಹತ್ತಬೇಕು. ಅದರ ಅರ್ಧಕ್ಕೆ ಬರುವಷ್ಟರಲ್ಲಿ ಪೇಸ್ಟ್ ಉದುರಿ, ಲೀಕಿನ ಸದ್ದು ಮೊದಲಿಗಿಂತ ಜಾಸ್ತಿ ಆಗಿತ್ತು. ಅಲ್ಲಿಂದ ವಾಪಸ್ ಇಳಿದು ಬಿಷಪ್‌ಗೆ ಬಂದೆವು.

ನಮ್ಮದು 1985ರ ಗಾಡಿ, ವ್ಯಾನ್ ಚಾಸಿಸ್ ಮೇಲೆ ಮನೆ ಕಟ್ಟಿದ್ದು. ಕಾರ್ಬೊರೇಟರ್ ಇರುವ 7.5 ಲೀಟರ್ ವಿ8 ಎಂಜಿನ್. ಆ ಕಾಲದ ಅಮೆರಿಕನ್ ಮೋಟರ್‌ಹೋಮ್‌ಗಳಲ್ಲಿ ಸಾಮಾನ್ಯವಾಗಿ ಫೋರ್ಡ್ 460, ಷೆವ್ರೊಲೆ 454, ಇನ್ನೂ ಹಳೆಯದಾದರೆ ಡಾಜ್ 440 ಎಂಜಿನ್‌ಗಳು ಸಿಗುತ್ತವೆ. ಯಾವುದೇ ಇರಲಿ, ಮ್ಯಾನಿಫೋಲ್ಡ್ ಬೀಡಿನದು, ಅಂದರೆ ಎರಕದ ಕಬ್ಬಿಣದ್ದು. ಭಾರದ ಗಾಡಿ ಏರು ಹತ್ತುವಾಗ ಅದು ವಿಪರೀತ ಕಾಯುತ್ತದೆ, ಉದ್ದಕ್ಕೆ ಹಿಗ್ಗುತ್ತದೆ. ನಿಲ್ಲಿಸಿದರೆ ಕುಗ್ಗುತ್ತದೆ. ನಡುವಿನ ಬೋಲ್ಟ್‌ಗಳಿಗೆ ಅಷ್ಟೇನೂ ಆಗಲ್ಲ, ಎಳೆತವೆಲ್ಲ ಎರಡೂ ತುದಿಯ ಬೋಲ್ಟ್‌ಗಳಿಗೆ. ವರ್ಷಗಟ್ಟಲೆ ಹೀಗೇ ನಡೆದು ಒಂದು ದಿನ ಬೋಲ್ಟ್‌ನ ತಲೆ ತುಂಡಾಗಿ ಬೀಳುತ್ತದೆ. ಹೆಚ್ಚಾಗಿ ಅದು ಕೈಗೇ ಸಿಗದ ಹಿಂದಿನ ತುದಿಯದ್ದೇ ಆಗಿರುತ್ತದೆ.

ಲೀಕ್ ಇದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಲಿಗೆ ಮಷಿನ್ ಓಡಿದ ಹಾಗೆ ಟಕ ಟಕ ಅನ್ನುತ್ತದೆ. ಎಂಜಿನ್ ಕಾದ ಮೇಲೆ ಬೀಡು ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ಕಡಿಮೆಯಾಗುತ್ತದೆ. ಹಳೇ ಗಾಡಿ ಮಾರುವವರಿಗೆ, ಬಾಡಿಗೆಗೆ ಕೊಡುವವರಿಗೆ ಇದು ಚೆನ್ನಾಗಿ ಗೊತ್ತು. ನೀವು ಹೋಗುವ ಮೊದಲೇ ಎಂಜಿನ್ ಓಡಿಸಿ ಬಿಸಿ ಮಾಡಿಟ್ಟಿರುತ್ತಾರೆ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ "ನಾಳೆ ಬೆಳಿಗ್ಗೆ ಬರ್ತೀನಿ" ಅಂತ ಹೇಳಿ ಬನ್ನಿ.

ವಾಲ್ವ್ ಕಡೆಯಿಂದಲೂ ಇಂಥದೇ ಸದ್ದು ಬರಬಹುದು. ವ್ಯತ್ಯಾಸ ಇಷ್ಟೇ. ಆಕ್ಸಿಲರೇಟರ್ ಒತ್ತಿ ಏರು ಹತ್ತುವಾಗ ಜೋರಾದರೆ ಎಕ್ಸಾಸ್ಟ್ ಮೇಲೆ ಅನುಮಾನ ಪಡಿ. ಸೀಟುಗಳ ನಡುವಿನ ಎಂಜಿನ್ ಮುಚ್ಚಳ ತೆಗೆದು, ಮ್ಯಾನಿಫೋಲ್ಡ್ ಹೆಡ್‌ಗೆ (ಎಂಜಿನ್ನಿನ ಮೇಲ್ಭಾಗ) ಸೇರುವ ಕಡೆ ಟಾರ್ಚ್ ಬಿಡಿ. ಲೀಕ್ ಇರುವಲ್ಲಿ ಕಪ್ಪು ಮಸಿಯ ಗೆರೆ ಕಾಣುತ್ತದೆ. ಒಂದು ರಬ್ಬರ್ ಪೈಪಿನ ತುಂಡನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಹತ್ತಿರ ಆಡಿಸಿದರೆ ಯಾವ ಪೋರ್ಟ್ (ಹೊಗೆ ಹೊರಬರುವ ತೂತು) ಅಂತಲೂ ತಿಳಿಯುತ್ತದೆ. ಊದುಬತ್ತಿ ಹಚ್ಚಿ ಹೊಗೆ ಎತ್ತ ಹಾರುತ್ತೆ ನೋಡಿ ಅನ್ನುವವರಿದ್ದಾರೆ. ಪೆಟ್ರೋಲ್ ಜಿನುಗುವ ಹಳೇ ಕಾರ್ಬೊರೇಟರ್ ಪಕ್ಕ ನಾನಂತೂ ಬೆಂಕಿ ತರಲ್ಲ. ಅದರ ಬದಲು ಎಂಜಿನ್ ತಣ್ಣಗಿದ್ದಾಗ, ಆಫ್ ಮಾಡಿ, ಎಲೆ ಊದುವ ಬ್ಲೋವರ್‌ನಿಂದ ಸೈಲೆನ್ಸರ್ ಬಾಯಿಗೆ ಗಾಳಿ ಬಿಡಿ. ಸಂದುಗಳಿಗೆ ಸೋಪಿನ ನೀರು ಹೊಡೆದರೆ ಗುಳ್ಳೆ ಏಳುತ್ತದೆ.

ಸದ್ದು ಬಿಡಿ, ಅದನ್ನು ತಡೆದುಕೊಳ್ಳಬಹುದು. ಭಯ ಇರುವುದು ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲಕ್ಕೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಇಂಥ ಗಾಡಿಯಲ್ಲಿ ಎಂಜಿನ್ನಿನ ಅರ್ಧ ಭಾಗ ನಿಮ್ಮ ಮೊಣಕಾಲಿನ ಪಕ್ಕದಲ್ಲೇ ಇರುತ್ತದೆ. ಆ ಮುಚ್ಚಳದ ಸುತ್ತಲಿನ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಹೊಗೆ ಸೀದಾ ಒಳಗೆ. ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಘಾಟಿ ತಿರುವು ಅಂತ ಸುಮ್ನೆ ಕೂರಬೇಡಿ. ಗಾಡಿ ನಿಲ್ಲಿಸಿ ಎಲ್ಲರೂ ಇಳಿಯಿರಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯಾ, ಅದರ ಅವಧಿ ಮುಗಿದಿದೆಯಾ ನೋಡಿಯೇ ಹೊರಡಿ. ಓಡುವಾಗ ಹಿಂದಿನ ಕಿಟಕಿ ಮಾತ್ರ ತೆರೆದಿಡಬೇಡಿ, ಹೊರಗಿನ ಹೊಗೆಯನ್ನು ಅದೇ ಒಳಗೆ ಎಳೆಯುತ್ತದೆ.

ಇನ್ನು ಬಿಷಪ್. ವೆಲ್ಡರ್ ಸಿಗಲಿ ಅಂತ ಕಾಯುತ್ತಾ ಇಲ್ಲಿ ತಿಂದಿದ್ದೇ ತಿಂದಿದ್ದು. ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಮೆಕ್ಸಿಕನ್ ಟ್ರಕ್ ನಿಲ್ಲುತ್ತದೆ. ಹೆಸರಿನ ಬೋರ್ಡ್ ಕೂಡ ಇಲ್ಲ. ಹುರುಳಿಕಾಯಿ ಅಲ್ಲ, ದಪ್ಪ ಕಾಳಿನ ಬೀನ್ಸ್ ಬುರಿಟೊ 7 ಡಾಲರ್. ಒಂದು ತಗೊಂಡರೆ ಇಬ್ಬರಿಗೆ ಸಾಕು. ಕಾವಲಿ ಮೇಲೆ ಸುಟ್ಟ ಹಸಿಮೆಣಸು, ಮೂಲಂಗಿ ಹೋಳು, ನಿಂಬೆ ಬಿಟ್ಟಿ. ಕೆಂಪು ಚಟ್ನಿ ನಿಜವಾಗಿಯೂ ಖಾರ ಇದೆ, ಅಮೆರಿಕದ ಖಾರ ಅಲ್ಲ. ಸಸ್ಯಾಹಾರಿಗಳು ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದೀರಾ ಅಂತ ಕೇಳಿ. ಇಂಥ ಕಡೆ ಹಾಕುವುದು ಸಾಮಾನ್ಯ. ಇಲ್ಲಿನ ಅಮ್ಮ ಎಣ್ಣೆಯಲ್ಲಿ ಮಾಡಿದ್ದನ್ನು ಬೇರೆ ಪಾತ್ರೆಯಲ್ಲಿ ಇಡುತ್ತಾರೆ, ಕೇಳಿದರೆ ಅದರಿಂದಲೇ ಕೊಡುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ಖಾಲಿ. ಬೇಗ ಹೋಗಿ.

ಕ್ಯಾಂಪ್‌ಗ್ರೌಂಡ್‌ನಲ್ಲೇ ಬಿಚ್ಚೋಣ ಅಂದುಕೊಳ್ಳಬೇಡಿ. ಬಹಳಷ್ಟು ಕಡೆ ಗಾಡಿ ರಿಪೇರಿ ಮಾಡಬಾರದು ಅಂತ ನಿಯಮ ಇದೆ. ನಾವು ವೆಲ್ಡಿಂಗ್ ಶಾಪಿನ ಹಿತ್ತಲಲ್ಲಿ ಜಾಗ ಕೇಳಿಕೊಂಡೆವು. ಬೋಲ್ಟ್‌ಗೆ ಪಾನಾ ಹಾಕುವ ಮೊದಲು ಎರಡು ಸುಲಭದ ಕಡೆ ನೋಡಿ: ಮ್ಯಾನಿಫೋಲ್ಡ್ ಕೆಳಗಿನ ಪೈಪಿಗೆ ಸೇರುವ ಜಾಯಿಂಟ್, ಮತ್ತೆ ಪೈಪನ್ನು ಎತ್ತಿ ಹಿಡಿದಿರುವ ಹ್ಯಾಂಗರ್. ಹ್ಯಾಂಗರ್ ಮುರಿದಿದ್ದರೆ ಉದ್ದದ ಪೈಪಿನ ಭಾರವೆಲ್ಲ ಮ್ಯಾನಿಫೋಲ್ಡ್ ಮೇಲೆ ಜೋತು ಬೀಳುತ್ತದೆ. ಅದನ್ನು ಸರಿ ಮಾಡದೆ ಹೊಸ ಬೋಲ್ಟ್ ಹಾಕಿದರೆ ಅದೂ ಮುರಿಯುತ್ತದೆ. ಮೊಹಾವಿಯ ಆ ಗ್ಯಾರೇಜಿನವರು ಇದನ್ನು ನೋಡಿರಲೇ ಇಲ್ಲ.

ತುಕ್ಕು ಹಿಡಿದ ಬೋಲ್ಟ್‌ಗೆ ಅವಸರ ಆಗಿಬರಲ್ಲ. ತುಕ್ಕು ಸಡಿಲಿಸುವ ಎಣ್ಣೆಯನ್ನು ಹಿಂದಿನ ದಿನದಿಂದಲೇ ಬಿಟ್ಟು ಬಿಟ್ಟು ಹೊಡೆಯಬೇಕು. ಆರು ಮೂಲೆಯ ಸಾಕೆಟ್ ಮಾತ್ರ ಬಳಸಿ. ಹನ್ನೆರಡು ಮೂಲೆಯದು ಬೋಲ್ಟ್ ತಲೆಯನ್ನು ಸವೆಸಿಬಿಡುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ನಾನು ಜೋರಾಗಿ ಎಳೆಯಲು ಹೋದಾಗ ಭಾವ ಕೈ ಹಿಡಿದರು. "ಎಳೀಬೇಡ ಮಾರಾಯ, ಇನ್ನೊಂದು ರಾತ್ರಿ ಎಣ್ಣೆ ಕುಡೀಲಿ." ಮಾರನೇ ದಿನ ಉಳಿದವೆಲ್ಲ ಹಾಗೇ ಬಂದವು.

ಮುರಿದ ತುಂಡು ಹೆಡ್‌ನಿಂದ ಸ್ವಲ್ಪ ಹೊರಗೆ ಚಾಚಿದ್ದರೆ ನಿಮ್ಮ ಅದೃಷ್ಟ. ಅದರ ಮೇಲೆ ನಟ್ ಇಟ್ಟು ನಟ್‌ನ ತೂತಿನ ಒಳಗಿಂದ ವೆಲ್ಡ್ ಮಾಡಿ ತಿರುಗಿಸುತ್ತಾರೆ. ಆ ಬಿಸಿಗೇ ತುಕ್ಕು ಬಿಡುತ್ತದೆ. ಇದಕ್ಕೆ ಕೊಟ್ಟ 90 ಡಾಲರ್ ಮಾತ್ರ ಸಾರ್ಥಕ. ತುಂಡು ಹೆಡ್‌ಗೆ ಸಮನಾಗಿ ಮುರಿದಿದ್ದರೆ, ಸರಿಯಾಗಿ ನಡುವಿಗೆ ಪಂಚ್ ಹೊಡೆದು ಎಡಕ್ಕೆ ತಿರುಗುವ ಡ್ರಿಲ್ ಬಿಟ್‌ನಿಂದ ಕೊರೆಯಬೇಕು. ಅದು ನಿಮ್ಮ ಕೆಲಸ ಅಲ್ಲ. ಬಿಟ್ ಸ್ವಲ್ಪ ಓರೆಯಾದರೂ ಹೆಡ್ ಹಾಳು.

ಬಿಚ್ಚಿದ ಮ್ಯಾನಿಫೋಲ್ಡ್ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು ಕೆಳಗೆ ಬೆಳಕು ಕಾಣುತ್ತಾ ನೋಡಿ. ಕಂಡರೆ ಅದು ಸೊಟ್ಟಗಾಗಿದೆ. ಮಷಿನ್ ಶಾಪಿನಲ್ಲಿ ಸಮತಟ್ಟು ಮಾಡಿಸದೆ ಹಾಕಿದರೆ ಗ್ಯಾಸ್ಕೆಟ್ (ಸಂದು ಮುಚ್ಚುವ ತೆಳು ಪದರ) ಮತ್ತೆ ಕಿತ್ತುಹೋಗುತ್ತದೆ. ಬಿರುಕು ಕಂಡರೆ ಬೇರೆ ಮ್ಯಾನಿಫೋಲ್ಡ್ ಹುಡುಕಿ. ಬೀಡಿನ ವೆಲ್ಡಿಂಗ್ ಆಗದ ಕೆಲಸವೇನಲ್ಲ, ಆದರೆ ಚೆನ್ನಾಗಿ ಕಾಯಿಸಿ, ನಿಧಾನವಾಗಿ ಆರಿಸಿ ಮಾಡುವವರು ದಾರಿಯಲ್ಲಿ ಸಿಗುವುದು ಕಷ್ಟ. ಜೋಡಿಸುವಾಗ ಬೋಲ್ಟ್ ಎಲ್ಲ ಹೊಸದು, ಥ್ರೆಡ್‌ಗೆ ಮತ್ತೆ ಕಚ್ಚಿಕೊಳ್ಳದ ಹಾಗೆ ಆಂಟಿಸೀಜ್ ಪೇಸ್ಟ್. ನಡುವಿನಿಂದ ಶುರು ಮಾಡಿ ತುದಿಗಳ ಕಡೆ, ಎರಡು ಮೂರು ಸುತ್ತಿನಲ್ಲಿ, ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್ ಹೇಳುವಷ್ಟೇ ಬಿಗಿ ಮಾಡಿ. ಒಮ್ಮೆ ಚೆನ್ನಾಗಿ ಓಡಿಸಿ, ಪೂರ್ತಿ ತಣಿದ ಮೇಲೆ ಬಿಗಿ ಇದೆಯಾ ಅಂತ ಮತ್ತೆ ನೋಡಿ.

ಬಿಷಪ್‌ನಿಂದ ಮುಂದಿನ ಪ್ರವಾಸಿ ಊರು ಮ್ಯಾಮತ್ ಲೇಕ್ಸ್ ಬಗ್ಗೆ ಕೇಳಬೇಡಿ. ಶನಿವಾರ ರಾತ್ರಿ ರೂಮಿಗೆ 260 ಡಾಲರ್, ಕಾಫಿಗೆ ಕ್ಯೂ, ಪಾರ್ಕಿಂಗ್‌ಗೆ ಕ್ಯೂ. ಗದ್ದಲ ಇಷ್ಟಪಡುವವರು ಹೋಗಲಿ. ನಮಗೆ ಇಷ್ಟವಾಗಿದ್ದು ಲೋನ್ ಪೈನ್ ಹತ್ತಿರದ ಟಟಲ್ ಕ್ರೀಕ್ ಕ್ಯಾಂಪ್‌ಗ್ರೌಂಡ್. ಕರೆಂಟ್ ಇಲ್ಲ, ನೆರಳಿಲ್ಲ, ಸುತ್ತ ಯಾರೂ ಇಲ್ಲ. ಅಲ್ಲೇ ಪಕ್ಕದ ಅಲಬಾಮಾ ಹಿಲ್ಸ್‌ನಲ್ಲಿ ಗಾಡಿ ಹಾಕಿ ಮಲಗುವುದಾದರೆ ಪರ್ಮಿಟ್ ಮಾಡಿಸಿಕೊಳ್ಳಿ. ವಿಟ್ನಿ ಪೋರ್ಟಲ್ ರಸ್ತೆಗೆ ಮೋಟರ್‌ಹೋಮ್ ಹತ್ತಿಸಬೇಡಿ. ಬೇಸಿಗೆಯಲ್ಲಿ 190ನೇ ರಸ್ತೆ ಹಿಡಿದು ಡೆತ್ ವ್ಯಾಲಿಗೆ ಇಳಿಯುವ ಆಸೆ ಇದ್ದರೆ, ಹಿಂದಿರುಗುವಾಗ ಟೌನ್ ಪಾಸ್ ಅನ್ನುವ ಘಟ್ಟದಲ್ಲಿ 4,956 ಅಡಿ ಎತ್ತರಕ್ಕೆ ಹತ್ತಬೇಕು. ಟಕ ಟಕ ಅನ್ನುವ ಗಾಡಿಯಲ್ಲಂತೂ ಆ ಕಡೆ ಹೋಗಲೇಬೇಡಿ.