ಲೇಸರ್ ಮಾಡಿಸಿದ ಮೇಲೂ ಚಾಳೀಸು ಯಾಕೆ?

ವಾರಕ್ಕೊಬ್ಬರಾದರೂ ಕೇಳುತ್ತಾರೆ. ಮೊನ್ನೆ ಬ್ಯಾಡಗಿ ಮಾರ್ಕೆಟ್ಟಿನಲ್ಲಿ, ನಾನು ಲೆಕ್ಕ ಬರೆಯುವ ದಲಾಲಿ ಅಂಗಡಿಗೆ ಬಂದ ಕಾಕಾ ಒಬ್ಬರು ಮೆಣಸಿನಕಾಯಿ ಚೀಲಕ್ಕೆ ಒರಗಿಕೊಂಡು ಶುರು ಮಾಡಿದರು: "ಅಲ್ಲೋ ತಮ್ಮಾ, ಹುಬ್ಬಳ್ಳ್ಯಾಗ ಕಣ್ಣಿಗೆ ಲೇಸರ್ ಮಾಡಿಸ್ಕೊಂಡು ಬಂದಾನ ಅಂದ್ರು. ಮತ್ತ ಚಾಳೀಸ ಯಾಕ ಹಾಕ್ಕೊಂಡಿ? ರೊಕ್ಕ ಹಾಳಾತೇನು?"

ರೊಕ್ಕ ಹಾಳಾಗಿಲ್ಲ. ನನಗೆ ಮಾಡಿದ್ದು ಲೇಸರ್ರೇ ಅಲ್ಲ. ಮಾಲಿಗೆ ದರ ನಿಗದಿಯಾಗುವ ಟೆಂಡರ್ ಹೊತ್ತಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳೋಕೆ ಪುರಸೊತ್ತು ಸಿಗಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗಿರುವುದು ಕೆರಟೋಕೋನಸ್. ಕಣ್ಣಿನ ಕಪ್ಪು ಭಾಗದ ಮುಂದೆ ಗಾಜಿನಂಥ ಒಂದು ಪದರ ಇರುತ್ತದೆ, ಅದೇ ಕಾರ್ನಿಯಾ. ದಪ್ಪ ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ, ಸುಮಾರು 540 ಮೈಕ್ರಾನ್. ನನ್ನಂಥವರಿಗೆ ಅದು ತೆಳುವಾಗುತ್ತಾ, ಮುಂದಕ್ಕೆ ಮೊನಚಾಗಿ ಉಬ್ಬುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗಿ, ಮೂವತ್ತು ದಾಟುವವರೆಗೂ ಹೆಚ್ಚುತ್ತಿರಬಹುದು.

ನನಗೆ ಶುರುವಾಗಿದ್ದು ಪಿಯುಸಿಯಲ್ಲಿ. ಎರಡು ವರ್ಷದಲ್ಲಿ ಮೂರು ಚಾಳೀಸು ಬದಲಾಯಿಸಿದೆ. ಪ್ರತಿ ಸಲ ಸಿಲಿಂಡರ್ ನಂಬರ್, ಅಂದರೆ ಕಾರ್ನಿಯಾದ ಓರೆಕೋರೆ ಸರಿದೂಗಿಸುವ ನಂಬರ್, ಏರುತ್ತಿತ್ತು, ಅಂಗಡಿಯವರು ಹೊಸ ಗಾಜು ಹಾಕಿ ಕೊಡುತ್ತಿದ್ದರು, ಯಾಕೆ ಏರುತ್ತಿದೆ ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ರಾತ್ರಿ ಚೆನ್ನಮ್ಮ ಸರ್ಕಲ್‌ನಲ್ಲಿ ನಿಂತರೆ ಪ್ರತಿ ದೀಪಕ್ಕೂ ಒಂದು ಬಾಲ. ಎಡಗಣ್ಣು ಮುಚ್ಚಿ ಚಂದ್ರನನ್ನು ನೋಡಿದರೆ ಮೂರು ಚಂದ್ರ, ಒಂದರ ಮೇಲಿಂದ ಒಂದು ಜಾರಿದ ಹಾಗೆ. ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿದ್ದೆ!

ತಮಾಷೆ ಅಂದರೆ, ಗೊತ್ತಾಗಿದ್ದು ಚಾಳೀಸು ತೆಗೆಸೋಣ ಅಂತ ಲ್ಯಾಸಿಕ್ ಅನ್ನುವ ಲೇಸರ್ ಆಪರೇಷನ್ ಕೇಳಲು ಹೋದಾಗ. ಮೊದಲು ಟೋಪೋಗ್ರಫಿ ಮಾಡಿದರು. ಗದ್ದ ಊರಿ ಒಂದು ದೀಪ ನೋಡಿದರೆ ಸಾಕು, ಕಾರ್ನಿಯಾದ ಏರುತಗ್ಗಿನ ನಕ್ಷೆ ಬರುತ್ತದೆ. ಚಪ್ಪಟೆ ಇದ್ದಲ್ಲಿ ನೀಲಿ, ಕಡಿದಾಗಿದ್ದಲ್ಲಿ ಕೆಂಪು. ನನ್ನ ಬಲಗಣ್ಣಿನ ನಕ್ಷೆಯ ಕೆಳಗಡೆ ಮೆಣಸಿನಕಾಯಿ ರಾಶಿ ಸುರಿದಂತಿತ್ತು. ತೀರಾ ತೆಳುವಾದ ಜಾಗ 448 ಮೈಕ್ರಾನ್. ಡಾಕ್ಟರ್ ಸೀದಾ ಹೇಳಿದರು: "ನಿಮಗ ಲ್ಯಾಸಿಕ್ ಬ್ಯಾಡ. ಮೊದಲ ಉಬ್ಬೋದನ್ನ ನಿಲ್ಲಿಸೂಣು."

ಯಾಕೆ ಬೇಡ? ನಮ್ಮ ಅವ್ವ ಹಳೆ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೌದಿ ಹೊಲಿಯುತ್ತಾಳಲ್ಲ, ಕಾರ್ನಿಯಾನೂ ಹೆಚ್ಚುಕಡಿಮೆ ಹಾಗೇ, ಪದರಗಳದ್ದು. ಲ್ಯಾಸಿಕ್‌ನಲ್ಲಿ ಮೇಲಿನ ಪದರ ಎತ್ತಿ, ಕೆಳಗಿನದನ್ನು ಲೇಸರ್‌ನಿಂದ ಸವೆಸುತ್ತಾರೆ, ಒಂದು ನಂಬರಿಗೆ ಹತ್ತಿರ ಹತ್ತಿರ 15 ಮೈಕ್ರಾನ್. ಗಟ್ಟಿ ಕಣ್ಣಿಗೆ ಅದು ಲೆಕ್ಕಕ್ಕಿಲ್ಲ. ಹೊಲಿಗೆಯೇ ಸಡಿಲಾದ ಕೌದಿಯಿಂದ ಇನ್ನೂ ಬಟ್ಟೆ ಕಿತ್ತರೆ? ಈ ತೊಂದರೆ ಇರುವುದು ತಿಳಿಯದೇ ಲ್ಯಾಸಿಕ್ ಮಾಡಿಸಿಕೊಂಡವರಿಗೆ ಎಷ್ಟೋ ತಿಂಗಳ ಮೇಲೆ, ಕೆಲವೊಮ್ಮೆ ವರ್ಷಗಳ ಮೇಲೆ, ಕಾರ್ನಿಯಾ ಉಬ್ಬಿದ್ದುಂಟು. ಸ್ಕ್ಯಾನ್ ಏನೂ ಬೇಡ, ನಾಳೆನೇ ಬನ್ನಿ ಅನ್ನುವ ಕಡೆಯಿಂದ ಸುಮ್ನೆ ಎದ್ದು ಬನ್ನಿ.

ನನಗೆ ಮಾಡಿದ್ದು ಕ್ರಾಸ್ ಲಿಂಕಿಂಗ್, ಅಂದರೆ ಹೊಲಿಗೆ ಬಿಗಿ ಮಾಡುವ ಕೆಲಸ. ಜರ್ಮನಿಯ ಡ್ರೆಸ್ಡನ್‌ನಲ್ಲಿ ಹುಟ್ಟಿದ ವಿಧಾನ ಇದು. ರೋಗಿಗಳ ಮೇಲೆ ಮಾಡಿದ ಮೊದಲ ವರದಿ ಬಂದಿದ್ದು 2003ರಲ್ಲಿ. ಅಮೆರಿಕದಲ್ಲಿ ಒಪ್ಪಿಗೆ ಸಿಗಲು 2016 ಆಯಿತು. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ರೆಪ್ಪೆ ಮುಚ್ಚದಂತೆ ಕ್ಲಿಪ್ ಇಟ್ಟು, ಕಾರ್ನಿಯಾದ ಮೇಲಿನ ತೆಳು ಸಿಪ್ಪೆ ಕೆರೆದು ತೆಗೆದರು. ಆಮೇಲೆ ರೈಬೋಫ್ಲೇವಿನ್ ಹನಿ, ಅಂದರೆ ವಿಟಮಿನ್ ಬಿ2, ಅರಿಶಿನ ನೀರಿನ ಹಾಗೆ ಹಳದಿ. ಅರ್ಧ ಗಂಟೆ ಅದೇ. ಆಮೇಲೆ ಅರ್ಧ ಗಂಟೆ ಅಲ್ಟ್ರಾವಯಲೆಟ್ ಬೆಳಕು, ನನಗೆ ಕಂಡಿದ್ದು ನೀಲಿ ಚುಕ್ಕೆ. ಆ ಬೆಳಕೂ ವಿಟಮಿನ್ನೂ ಸೇರಿ ಕಾರ್ನಿಯಾದ ಕೊಲಾಜೆನ್ ಎಳೆಗಳ ನಡುವೆ ಹೊಸ ಗಂಟು ಹಾಕುತ್ತವೆ. ಈಗ ಹತ್ತು ನಿಮಿಷದ ಬೆಳಕಿನಲ್ಲೇ ಮುಗಿಸುವ ಬಗೆಯೂ ಇದೆ.

ಆಪರೇಷನ್ ಕೋಣೆಯೊಳಗೆ ನೋವಿಲ್ಲ. ನೋವು ಮನೆಗೆ ಬಂದ ಮೇಲೆ. ಎರಡು ದಿನ ಕಿಟಕಿಗೆ ಕೌದಿ ಕಟ್ಟಿ ಕತ್ತಲಲ್ಲಿ ಮಲಗಿದ್ದೆ, ಕಣ್ಣೊಳಗೆ ಯಾರೋ ಉಳ್ಳಾಗಡ್ಡಿ ಹೆಚ್ಚುತ್ತಿದ್ದಾರೆ ಅನ್ನಿಸೋದು. ಗಾಯ ಮಾಯುವವರೆಗೆ ಕಣ್ಣಿನ ಮೇಲೆ ಇಟ್ಟಿದ್ದ ಮೆತ್ತನೆ ಬ್ಯಾಂಡೇಜ್ ಲೆನ್ಸನ್ನು ಐದನೇ ದಿನ ತೆಗೆದರು. ಮೊದಲ ತಿಂಗಳು ಮುಂಚೆಗಿಂತ ಮಂಜಾಗಿತ್ತು, ಹಾಗಾಗುತ್ತದೆ ಅಂತ ಮೊದಲೇ ಹೇಳಿದ್ದರು, ಆದರೂ ಹೆದರಿಕೆ ಬಂತು. ಈಗ ಎರಡು ವರ್ಷ ಆಯಿತು, ಸ್ಕ್ಯಾನ್‌ನಲ್ಲಿ ಬಲಗಣ್ಣು ಇದ್ದಲ್ಲೇ ಇದೆ. ಕೆಲವರಿಗೆ ಒಂದೆರಡು ನಂಬರ್ ಇಳಿಯುವುದೂ ಉಂಟು, ನನಗೆ ಇಳಿಯಲಿಲ್ಲ. ಇದನ್ನು ಮಾಡಿಸುವುದೇ ನಿಲ್ಲಿಸುವುದಕ್ಕೆ. ಹೀಗಾಗಿ ಚಾಳೀಸು ಉಳಿಯಿತು, ಕಾಕಾ.

"ಗಟ್ಟಿ ಆತಲ್ಲ, ಈಗ ಲೇಸರ್ ಮಾಡಿಸು" ಅನ್ನುವವರೂ ಇದ್ದಾರೆ. ಕೆಲವು ಕಣ್ಣುಗಳಿಗೆ ಟೋಪೋಗ್ರಫಿ ನಕ್ಷೆ ನೋಡಿಕೊಂಡು, ಪದರ ಎತ್ತದೆ, ಮೇಲಿಂದಲೇ ಸ್ವಲ್ಪ ಲೇಸರ್ ಹಾಯಿಸಿ, ಜೊತೆಗೇ ಕ್ರಾಸ್ ಲಿಂಕಿಂಗ್ ಮಾಡುತ್ತಾರೆ. ಅದು ಆಕಾರ ಸರಿಪಡಿಸಲು, ಚಾಳೀಸು ಬಿಡಿಸಲು ಅಲ್ಲ. ಅದಕ್ಕೂ ದಪ್ಪ ಬೇಕು. ನನ್ನ ಕಣ್ಣಲ್ಲಿ ಅಷ್ಟು ದಪ್ಪ ಇಲ್ಲ ಅಂದರು, ನಾನೂ ಒತ್ತಾಯ ಮಾಡಲಿಲ್ಲ.

ನಿಜವಾಗಿ ಚಂದ್ರನನ್ನು ಒಂದೇ ಮಾಡಿದ್ದು ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್. ಆದರೆ ಕಾರ್ನಿಯಾ ಮೇಲೆ ಕೂರುವ, ಆರ್‌ಜಿಪಿ ಅನ್ನುವ ಚಿಕ್ಕ ಗಟ್ಟಿ ಲೆನ್ಸ್ ಹಾಕಿಕೊಂಡು ಮೆಣಸಿನಕಾಯಿ ಧೂಳಿನಲ್ಲಿ ನಿಂತರೆ ದೇವರೇ ಗತಿ, ಒಂದು ಕಣ ಒಳಗೆ ಹೋದರೆ ಮುಗೀತು. ಕಣ್ಣಿನ ಬಿಳಿ ಭಾಗದ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸ್ ಈಗ ಭಾನುವಾರಕ್ಕೆ, ಮದುವೆ ಮುಂಜಿಗೆ. ಅಂಗಡಿಗೆ ಚಾಳೀಸೇ.

ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರು, ಖಾರಕ್ಕಲ್ಲ ಅಂತಾರೆ. ಘಾಟಿಗೆ ಅದು ಗೊತ್ತಿಲ್ಲ. ಸಣ್ಣವನಿದ್ದಾಗಿನಿಂದ ಸೀಸನ್ ಬಂತು ಅಂದರೆ ಮುಷ್ಟಿ ಕಟ್ಟಿ ಗಸಗಸ ಕಣ್ಣು ಉಜ್ಜುವುದು ನನ್ನ ಚಟ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಅದು. ಉಜ್ಜುವುದಕ್ಕೂ ಈ ರೋಗಕ್ಕೂ ನಂಟಿದೆ, ಹೊಲಿಗೆ ಹಾಕಿದ ಮೇಲೂ ಉಜ್ಜುತ್ತಿದ್ದರೆ ಮತ್ತೆ ಸಡಿಲಾಗಬಹುದು. ಈಗ ತುರಿಸಿದರೆ ಅಲರ್ಜಿ ಹನಿ, ಇಲ್ಲವೇ ಮುಚ್ಚಿದ ರೆಪ್ಪೆ ಮೇಲೆ ತಣ್ಣನೆ ಬಟ್ಟೆ.

ಮನೆಯಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇರಬಹುದು ಅಂದಿದ್ದಕ್ಕೆ ತಮ್ಮನನ್ನೂ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ. ನಕ್ಷೆ ಪೂರಾ ಹಸಿರು. ಆದರೂ ಅವನ ಕೈ ಕಣ್ಣ ಹತ್ತಿರ ಹೋದರೆ ಸಾಕು, ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಒಂದು ಕೊಡುತ್ತಾಳೆ.