ಆ ಬೂಷ್ಟಿಂದ ಜನ ಸಾಯ್ತಾರಾ?

ಅಮೆರಿಕದ ಟೆಕ್ಸಸ್ ರಾಜ್ಯದ ಹೂಸ್ಟನ್‌ನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಬೂಷ್ಟು ಬೆಳೆಸಿ ನೋಡುವುದು ನನ್ನ ಕೆಲಸ. ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಲ್ಲಿ ಹರಿಕೇನ್ ಬಂದು ಮನೆಯೆಲ್ಲ ಬೂಷ್ಟು ಹಿಡಿಯುತ್ತಂತಲ್ಲ, ಅದರಿಂದ ಜನ ಸಾಯ್ತಾರೇನೋ?" ಕೇಳುವಾಗಲೇ ಮುಖದಲ್ಲಿ ನಗು. ಮಲೆನಾಡಿನವರಿಗೆ ಬೂಷ್ಟು ಹೊಸದಾ? ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿ, ಉಪ್ಪಿನಕಾಯಿ ಜಾಡಿ, ಯಾವುದನ್ನೂ ಅದು ಬಿಡಲ್ಲ. ಒರೆಸಿ ಮುಂದೆ ಹೋಗುತ್ತೇವೆ.

ಆರೋಗ್ಯವಾಗಿರುವ ನಮ್ಮಂಥವರಿಗೆ ಸಾಯುವಂಥದ್ದೇನೂ ಆಗಲ್ಲ. ಸೀನು, ಕೆಮ್ಮು, ಅಸ್ತಮಾ ಇದ್ದರೆ ಉಬ್ಬಸ, ಅಷ್ಟೇ. ಆದರೆ ರಕ್ತದ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುವವರು, ಅಸ್ಥಿಮಜ್ಜೆ ಅಥವಾ ಶ್ವಾಸಕೋಶದ ಕಸಿ ಆದವರು ಇದ್ದಾರಲ್ಲ, ಅವರ ವಿಷಯ ಬೇರೆ. ಅವರಲ್ಲಿ ಸಾವೂ ಆಗುತ್ತದೆ.

ನಾವು ಜಾಸ್ತಿ ನೋಡುವುದು ಆಸ್ಪರ್ಜಿಲಸ್ ಎಂಬ ಬೂಷ್ಟು. ಪ್ಲೇಟಿನ ಮೇಲೆ ಬೂದಿ ಬೆರೆತ ಹಸಿರು ಮಖಮಲ್ಲಿನ ಹಾಗೆ ಹರಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಒಂದು ಕಡ್ಡಿ, ತುದಿಯಲ್ಲಿ ಉರುಟು ತಲೆ, ತಲೆ ತುಂಬ ಸರದಂತೆ ಪೋಣಿಸಿದ ಕಣಗಳು, ಅವೇ ಬೂಷ್ಟಿನ ಬೀಜ. 1729ರಲ್ಲಿ ಮಿಕೇಲಿ ಎಂಬ ಇಟಲಿಯ ಪಾದ್ರಿಗೆ ಇದು ಚರ್ಚಿನಲ್ಲಿ ತೀರ್ಥ ಪ್ರೋಕ್ಷಿಸುವ ಸಾಧನದಂತೆ ಕಂಡು ಅದೇ ಹೆಸರಿಟ್ಟ. ನನಗಂತೂ ಮದುವೆ ಮನೆಯ ಪನ್ನೀರುದಾನಿ ನೆನಪಾಗುತ್ತದೆ. ಒಂದೊಂದು ಕಣವೂ ಎರಡು ಮೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ಸೀದಾ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ದಿನಾ ನಾವೆಲ್ಲ ಇಂಥ ನೂರಾರು ಕಣ ಎಳೆದುಕೊಳ್ಳುತ್ತೇವೆ, ಬಿಳಿ ರಕ್ತಕಣಗಳು ಗುಡಿಸಿ ಹಾಕುತ್ತವೆ. ಗುಡಿಸುವವರೇ ಇಲ್ಲದಿದ್ದರೆ ಅದು ಅಲ್ಲೇ ಮೊಳೆತು ರಕ್ತನಾಳದೊಳಕ್ಕೆ ನುಗ್ಗುತ್ತದೆ.

ಅಂದಹಾಗೆ, 2021ರಲ್ಲಿ ಟಿವಿಯಲ್ಲಿ ಹಗಲೂ ರಾತ್ರಿ ಬಂದ 'ಬ್ಲ್ಯಾಕ್ ಫಂಗಸ್' ಗೋಡೆಯ ಕಪ್ಪು ಬೂಷ್ಟಲ್ಲ. ಅದು ಮ್ಯೂಕರ್ ಎಂಬ ಬೇರೆಯದೇ ಬೂಷ್ಟಿನ ಗುಂಪಿನದು. ಸತ್ತ ಮಾಂಸ ಕಪ್ಪಾಗುವುದರಿಂದ ಆ ಹೆಸರು ಬಂತು.

ಈಗ ಹರಿಕೇನ್ ವಿಷಯ. 2017ರ ಆಗಸ್ಟ್ 25ರಂದು ಹಾರ್ವೆ ಎಂಬ ಹರಿಕೇನ್ ಟೆಕ್ಸಸ್ ಕರಾವಳಿಗೆ ಬಡಿಯಿತು. ಹೂಸ್ಟನ್‌ಗೆ ವರ್ಷಕ್ಕೆ ಸುಮಾರು 50 ಇಂಚು ಮಳೆ. ಅದೇ ರಾಜ್ಯದ ನೆಡರ್‌ಲ್ಯಾಂಡ್ ಊರಿನಲ್ಲಿ ಅದೊಂದೇ ಬಿರುಗಾಳಿಗೆ 60 ಇಂಚು ಸುರಿಯಿತು. ಇಲ್ಲಿನ ಮನೆಗಳದ್ದು ಮರದ ಚೌಕಟ್ಟು, ಅದಕ್ಕೆ ಹೊಡೆದ ಜಿಪ್ಸಮ್ ಹಲಗೆ, ಹಲಗೆಯ ಎರಡೂ ಕಡೆ ಕಾಗದ. ಬೂಷ್ಟಿಗೆ ಆ ಕಾಗದವೇ ಊಟ. ನೀರು ಇಳಿದರೂ ಕರೆಂಟಿಲ್ಲ, ಎಸಿ ಇಲ್ಲ, ಮೇಲೆ ಆಗಸ್ಟ್ ಸೆಕೆ. ಒಂದೆರಡು ದಿನದಲ್ಲಿ ಒಣಗಿಸದಿದ್ದರೆ ಶುರು. ಆಮೇಲೆ ಸೊಂಟದೆತ್ತರದವರೆಗೆ ಗೋಡೆ ಕಿತ್ತು ರಸ್ತೆ ಬದಿಗೆ ರಾಶಿ ಹಾಕುತ್ತಾರೆ. ಹಾಗೆ ಕೀಳುವಾಗಲೇ ಕಣಗಳು ಜಾಸ್ತಿ ಏಳುವುದು.

ಆಮೇಲೆ ಸಿಡಿಸಿಯವರು, ಅಂದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು, ಹೂಸ್ಟನ್‌ನಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿದ 103 ರೋಗಿಗಳನ್ನು ಮಾತಾಡಿಸಿದರು. ಅರ್ಧದಷ್ಟು ಜನ ಒದ್ದೆ ಮನೆ ಚೊಕ್ಕ ಮಾಡಲು ತಾವೇ ಇಳಿದಿದ್ದರು. ಅವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಸರಿಯಾದ ಮಾಸ್ಕ್ ಹಾಕಿದ್ದರು. ನನಗೆ ಇದು ಬುದ್ಧಿಗೇಡಿತನ ಅನಿಸಲಿಲ್ಲ. ಸ್ವಂತ ಮನೆ ಕೊಳೆಯುತ್ತಾ ಇದ್ದರೆ ಯಾರು ತಾನೇ ಸುಮ್ನೆ ಕೂರುತ್ತಾರೆ?

"ಹಾಗಾದರೆ ಹರಿಕೇನಿಂದಲೇ ಎಷ್ಟು ಜನ ಸತ್ತರು, ಲೆಕ್ಕ ಹೇಳು" ಅನ್ನುತ್ತಾರೆ. ಆ ಲೆಕ್ಕವೇ ಕಷ್ಟ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಆಸ್ಪರ್ಜಿಲಸ್ ರೋಗ ಬಂದರೆ ಸರ್ಕಾರಕ್ಕೆ ತಿಳಿಸಲೇಬೇಕು ಅಂತಿಲ್ಲ. ಹಾಗಾಗಿ ಬಿರುಗಾಳಿಗೆ ಮುಂಚೆ ಎಷ್ಟಿತ್ತು ಅಂತಲೇ ಆಸ್ಪತ್ರೆಗಳ ಹಳೇ ಕಡತ ಕೆದಕಿ ಹುಡುಕಬೇಕು. ಕಣ ಒಳಗೆ ಹೋದದ್ದು ಯಾವತ್ತು, ರೋಗ ಎದ್ದದ್ದು ಯಾವತ್ತು, ನಡುವಿನ ಅಂತರ ಒಬ್ಬೊಬ್ಬರಿಗೆ ಒಂದೊಂದು. ರೋಗಿ ಎಳೆದುಕೊಂಡ ಕಣ ಮನೆ ಗೋಡೆಯದಾ, ಬಸ್‌ಸ್ಟಾಪಿನದಾ? ಗಾಳಿಯಲ್ಲಿ ಎಲ್ಲ ಕಡೆ ಇದೆ ಅಲ್ವಾ.

ಸುಂಟರಗಾಳಿಯೊಂದರಲ್ಲಿ ಮಾತ್ರ ಗುರುತು ಸ್ಪಷ್ಟವಾಗಿ ಸಿಕ್ಕಿತ್ತು. 2011ರ ಮೇ 22ರಂದು ಮಿಸ್ಸೌರಿ ರಾಜ್ಯದ ಜಾಪ್ಲಿನ್‌ನಲ್ಲಿ ಹಾರಿ ಬಂದ ಕಸಕಡ್ಡಿ ಜನರ ಮೈಗೆ ಚುಚ್ಚಿತು, ಕೆಲವೇ ದಿನದಲ್ಲಿ ಆ ಗಾಯಗಳಲ್ಲಿ ಬೂಷ್ಟು ಎದ್ದಿತು. 13 ಜನರಿಗೆ ಸೋಂಕು, 5 ಸಾವು. ಬೂಷ್ಟಿನ ಹೆಸರು ಅಪೋಫೈಸೋಮೈಸಿಸ್. ಇದೇ ಕುಲವನ್ನು 1979ರಲ್ಲಿ ಮೊದಲು ಗುರುತಿಸಿದ್ದು ಉತ್ತರ ಭಾರತದ ಮಾವಿನ ತೋಪಿನ ಮಣ್ಣಿನಲ್ಲಿ! ಉಸಿರಲ್ಲಿ ಹೋಗುವ ಕಣ ಹೀಗೆ ಗಾಯದ ಗುರುತು ಬಿಡಲ್ಲ.

ಆದರೆ ಲೆಕ್ಕ ಕೈಗೆ ಬರುವವರೆಗೆ ಕಾಯುವ ಹಾಗಿಲ್ಲ. ಹಾರ್ವೆ ಆದ ವಾರ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. ಅವನ ಅಮ್ಮನಿಗೆ ಕೀಮೋ ನಡೀತಾ ಇತ್ತು. "ಅಕ್ಕಾ, ದೇವರ ಮನೆಯದ್ದಷ್ಟೇ ನಾನೇ ಎತ್ತಿಡ್ತೀನಿ ಅಂತಾರೆ, ಐದೇ ನಿಮಿಷ."

"ಅವರನ್ನ ಒಳಗೆ ಬಿಡಬೇಡ ಕಣೋ. ಎನ್‌95 ಹಾಕಿಕೊಂಡು ನೀನೇ ಹೋಗು. ಬೆಳ್ಳಿ, ಹಿತ್ತಾಳೆ ತೊಳೆದು ತಾ. ಪಟಗಳ ಹಿಂದಿನ ರಟ್ಟು ಅಲ್ಲೇ ಕಿತ್ತು ಬಿಸಾಡು" ಅಂದೆ.

ಅವನ ಅಮ್ಮ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.